ಬುಲೆಟ್‌ಗೆ ತಾಮ್ರದ ಆಯಿಲ್ ಪೈಪು: ನಾನೇ ಮಾಡಿ ಓಡಿಸಿದ ಅನುಭವ

ತಾಮ್ರದ ಆಯಿಲ್ ಪೈಪು ಬುಲೆಟ್ ಬೈಕಿನಲ್ಲಿ ನಿಲ್ಲುವುದಿಲ್ಲ ಎಂದು ನನಗೆ ಹೇಳದವರೇ ಇಲ್ಲ. ಕುಂಬಳೆಯ ಮೆಕ್ಯಾನಿಕ್ ಹೇಳಿದರು. ಮಂಗಳೂರಿನಲ್ಲಿ ಹೋಸ್ ಕ್ರಿಂಪ್ ಮಾಡುವವರು, ಅಂದರೆ ಹೋಸಿನ ತುದಿಗೆ ಫಿಟ್ಟಿಂಗ್ ಒತ್ತಿ ಕೂರಿಸುವವರು, ಹೇಳಿದರು. ನಮ್ಮ ಜೊತೆ ಗಾಡಿ ಓಡಿಸುವ ಗೆಳೆಯರಂತೂ "ಸುಮ್ನೆ ಯಾಕೆ ಗ್ಯಾಸು ಹಾಳು ಮಾಡ್ತೀರಿ, ಬ್ರೇಡೆಡ್ ಹಾಕಿ ಮುಗಿಸಿ" ಎಂದರು. ಬ್ರೇಡೆಡ್ ಅಂದರೆ ಹೊರಗೆ ಸ್ಟೀಲ್ ಜಾಲರಿ ಇರುವ ಹೋಸ್. ಈಗ ಅದೇ ಪೈಪು ಮಳೆಗಾಲ ದಾಟಿದೆ, ಜಾಲ್ಸೂರು ಸುಳ್ಯ ಮೇಲೆ ಸಂಪಾಜೆ ಘಾಟಿ ಹತ್ತಿ ಮಡಿಕೇರಿಗೆ ಹೋಗಿ ಬಂದಿದೆ, ಎಂಜಿನ್ನಿನ ಮೇಲ್ಭಾಗದ, ಅಂದರೆ ಹೆಡ್ಡಿನ, ಫಿನ್ನುಗಳು ಎಣ್ಣೆ ಸೋರದೆ ಒಣಗಿಯೇ ಇವೆ. ಹಾಗಾಗಿ ಬರೆಯುತ್ತಿದ್ದೇನೆ.

ಗಾಡಿ ಎಪ್ಪತ್ತರ ದಶಕದ 350, ಕಾಸ್ಟ್ ಐರನ್ ಎಂಜಿನ್. ಎಣ್ಣೆ ತಳ್ಳಲು ಹಿಂದೆ ಮುಂದೆ ಆಡುವ ಎರಡು ಪ್ಲಂಜರ್ ಪಂಪು. ನಾನು ಹೇಳುತ್ತಿರುವುದು ಎಂಜಿನ್ನಿನ ಕೆಳಗಿನ ಕ್ರ್ಯಾಂಕ್‌ಕೇಸಿನಿಂದ ಹೊರಗೇ ಹತ್ತಿ, ಮೇಲೆ ಎರಡು ಕವಲಾಗಿ, ವಾಲ್ವ್ ಒತ್ತುವ ರಾಕರ್‌ಗಳ ಬ್ಲಾಕುಗಳಿಗೆ ಎಣ್ಣೆ ಕೊಡುವ ಪೈಪಿನ ವಿಷಯ. ಹಳೆಯದು ಮೇಲಿನ ಬ್ಯಾಂಜೋ (ಪೈಪಿನ ತುದಿಯಲ್ಲಿ ತೂತಿನ ಬೋಲ್ಟ್ ತೂರಿಸಿ ಬಿಗಿಯುವ ಉಂಗುರ) ಪಕ್ಕದಲ್ಲಿ ಕೂದಲೆಳೆಯಷ್ಟು ಬಿರಿದಿತ್ತು. ನಲವತ್ತು ವರ್ಷಕ್ಕಿಂತ ಜಾಸ್ತಿ ದುಡಿದ ಪೈಪು, ಅದರದ್ದು ತಪ್ಪಲ್ಲ. ಆದರೆ ನಮ್ಮ ಕಡೆಯ ಕೆಂಪು ಮಣ್ಣಿನ ರಸ್ತೆಯಲ್ಲಿ ಎಣ್ಣೆ ಹನಿದರೆ ಏನಾಗುತ್ತದೆ ಅಂತ ಗೊತ್ತಲ್ವಾ? ಬದಿಯಡ್ಕ ಮುಟ್ಟುವಷ್ಟರಲ್ಲಿ ಬಲಗಡೆ ಎಂಜಿನ್ ಪೂರ್ತಿ ಕೆಸರು.

ಮೊದಲು ಅಂಗಡಿಯ ರೆಡಿಮೇಡ್ ಪೈಪು ತಂದೆ. ನಾನೂರೋ ನಾನೂರೈವತ್ತೋ ಕೊಟ್ಟ ನೆನಪು. ನೋಡಲು ಹೊಳೆಯುತ್ತದೆ, ಕೂರಿಸಲು ಹೋದರೆ ಎರಡು ಮೂರು ಮಿಲಿಮೀಟರ್ ಗಿಡ್ಡ. ಎಳೆದು ಕೂರಿಸಬೇಕು. ಎಳೆದು ಕೂರಿಸಿದ ಪೈಪು ಯಾವತ್ತೂ ಬ್ಯಾಂಜೋದ ಮುಖವನ್ನು ಓರೆ ಮಾಡಿಯೇ ಇಟ್ಟಿರುತ್ತದೆ. ಓರೆ ಇದ್ದರೆ ವಾಷರ್ ಸೀಲ್ ಆಗುವುದಿಲ್ಲ. ಸೀಲ್ ಆಗದಿದ್ದರೆ ನಾವು ಇನ್ನೂ ಅರ್ಧ ಸುತ್ತು ಬಿಗಿ ಮಾಡುತ್ತೇವೆ, ಆಮೇಲೆ ಹೆಡ್ಡಿನ ಥ್ರೆಡ್ ಹೋಗುತ್ತದೆ. ಥ್ರೆಡ್ ರಿಪೇರಿಯ ಖರ್ಚು ಪೈಪಿನ ಎರಡು ಪಟ್ಟು. ಇನ್ನೊಂದು ಅಂಗಡಿಯಿಂದ ಮತ್ತೊಂದು ತಂದೆ. ಅದರ ಉದ್ದ ಸರಿ ಇತ್ತು, ಆದರೆ ಒಳಗೆ ಪ್ಲೇಟಿಂಗ್ ಸಿಪ್ಪೆ ಏಳುತ್ತಿತ್ತು. ತಂತಿ ತೂರಿಸಿ ಎಳೆದರೆ ಚೂರು ಬಂತು. ಅದನ್ನು ರಾಕರ್‌ಗೆ ಕಳಿಸುವ ಧೈರ್ಯ ನನಗಿಲ್ಲ.

ಬ್ರೇಡೆಡ್ ಹೋಸ್ ಬಗ್ಗೆ ನ್ಯಾಯವಾಗಿ ಹೇಳಬೇಕು. ಒಳಗೆ ಟೆಫ್ಲಾನ್ ಇರುವ ಒಳ್ಳೆಯ ಹೋಸ್ ಬಿಸಿಗೂ ಎಣ್ಣೆಗೂ ಹೆದರುವುದಿಲ್ಲ. ಸೆಟ್ಟಿಗೆ ಎರಡು ಸಾವಿರದ ಆಸುಪಾಸು ಕೇಳಿದರು. ತೊಂದರೆ ಬೇರೆ. ಅವರ ಹತ್ತಿರ ಇರುವುದೆಲ್ಲ ಮೆಟ್ರಿಕ್ ಬ್ಯಾಂಜೋ, ನಮ್ಮದು ಹಳೆಯ ಬ್ರಿಟಿಷ್ ಥ್ರೆಡ್. ಎರಡು ಸುತ್ತು ಹಿಡಿದ ಹಾಗೆ ಕಾಣುತ್ತದೆ, ಮೂರನೆಯದಕ್ಕೆ ಹೆಡ್ಡನ್ನೇ ತಿನ್ನುತ್ತದೆ. ಹಳೆಯ ಬೋಲ್ಟಿಗೆ ಅವರ ಬ್ಯಾಂಜೋ ಹಾಕಿದರೆ ದಪ್ಪ ಬೇರೆ, ಬೋಲ್ಟಿನ ಅಡ್ಡ ತೂತು ಬ್ಯಾಂಜೋದ ಒಳಗಿನ ತೋಡಿಗೆ ಸರಿಯಾಗಿ ಬರುವುದಿಲ್ಲ, ಅರ್ಧ ಮುಚ್ಚಿಕೊಳ್ಳುತ್ತದೆ. ಹೊರಗಿನಿಂದ ಎಲ್ಲ ಚೆಂದ, ಒಳಗೆ ರಾಕರ್ ಒಣಗುತ್ತಿರುತ್ತದೆ. ಇದನ್ನು ಎಷ್ಟು ಜನ ನೋಡಿಕೊಂಡು ಹಾಕುತ್ತಾರೋ! ಕ್ರಿಂಪಿನ ತುದಿ ದಪ್ಪವಾಗಿ ಫಿನ್ನಿಗೆ ತಾಗುವುದು ಬೇರೆ. ಅಲ್ಲದೆ ಹಳೆಯ ಗಾಡಿಯ ಮೇಲೆ ಸ್ಟೀಲ್ ಜಾಲರಿಯ ಹೋಸ್ ನನ್ನ ಕಣ್ಣಿಗೆ ಹಿಡಿಸುವುದಿಲ್ಲ. ಕಡಿಮೆಗೆ ಸಿಗುವ ಪೆಟ್ರೋಲ್ ಟ್ಯೂಬಿನ ಮಾತೇ ಬೇಡ. ಬಿಸಿ ಎಣ್ಣೆಗೆ ಅದು ಒಳಗಡೆ ಊದಿಕೊಂಡು ದಾರಿ ಕಿರಿದಾಗುತ್ತದೆ.

ಕೊನೆಗೆ ತಾಮ್ರ. ಫ್ರಿಜ್, ಎಸಿಯವರು ಬಳಸುವ ಕಾಲಿಂಚಿನ ಮೆದು ಪೈಪು. ಮೀಟರಿಗೆ ಇನ್ನೂರರ ಒಳಗೇ ಬಿತ್ತು, ತುಂಡುಗಳು ಕೆಲವು ಪುಕ್ಕಟೆ ಸಿಕ್ಕಿದವು.

ಪೈಪು ಸುಲಭ, ಬೆಸುಗೆಯೇ ಕಷ್ಟ. ಹಳೆಯ ಸ್ಟೀಲ್ ಬ್ಯಾಂಜೋಗೆ ಸೀಸದ ಬೆಸುಗೆ ಹಾಕಿದ್ದು ಪೆರ್ಲದ ಏರು ಮುಗಿಯುವ ಮೊದಲೇ ಬಿಟ್ಟಿತು. ಕರಗಿದ್ದಲ್ಲ. ಮಾಮೂಲಿ 60/40 ಸೋಲ್ಡರ್ ಕರಗಲು 183 ಡಿಗ್ರಿಗಿಂತ ಜಾಸ್ತಿ ಬೇಕು, ಪೈಪು ಅಷ್ಟು ಕಾಯುವುದಿಲ್ಲ. ಆದರೆ ಬಿಸಿಯಲ್ಲಿ ಅದರ ಶಕ್ತಿ ಹೋಗುತ್ತದೆ, ಒಂಟಿ ಸಿಲಿಂಡರಿನ ನಡುಕ ಉಳಿದದ್ದನ್ನು ಮುಗಿಸುತ್ತದೆ. ಆಮೇಲೆ ಎಸಿ ಮೆಕ್ಯಾನಿಕ್ ಒಬ್ಬರಿಂದ ಅವರ ಮಾಮೂಲಿ ಕಡ್ಡಿಯಲ್ಲೇ ಬೆಸೆಸಿದೆ. ಅದು ರಂಜಕ ಇರುವ ತಾಮ್ರದ ಕಡ್ಡಿ. ತಾಮ್ರಕ್ಕೆ ತಾಮ್ರ ಬೆಸೆಯಲು ಅದರಷ್ಟು ಒಳ್ಳೆಯದು ಇಲ್ಲ, ಬೆಸುಗೆ ಹರಿಯಲು ಹಚ್ಚುವ ಫ್ಲಕ್ಸ್ ಕೂಡ ಬೇಡ. ಆದರೆ ಕಬ್ಬಿಣಕ್ಕೆ ಆಗುವುದೇ ಇಲ್ಲ. ರಂಜಕವೂ ಕಬ್ಬಿಣವೂ ಸೇರಿ ನಡುವೆ ಒಂದು ಪೆಡಸು ಪದರ ಕಟ್ಟುತ್ತದೆ. ಬೆಸುಗೆ ನೋಡಲು ಬಂಗಾರದ ಹಾಗೆ ಹೊಳೆಯುತ್ತಿತ್ತು, ಕೈಯಲ್ಲಿ ಬಗ್ಗಿಸಿದರೆ ಹಪ್ಪಳದಂತೆ ಮುರಿಯಿತು. ಸ್ಟೀಲ್ ಬ್ಯಾಂಜೋಗೆ ಈ ಕಡ್ಡಿ ಮುಟ್ಟಿಸಲೇಬೇಡಿ, ಎಷ್ಟೇ ಅನುಭವ ಇರುವವರು ಹೇಳಿದರೂ.

ಹಾಗಾಗಿ ಹಿತ್ತಾಳೆಯ ಬ್ಯಾಂಜೋ ಮಾಡಿಸಿ ಬೆಳ್ಳಿ ಕಡ್ಡಿಯಲ್ಲಿ ಬೆಸೆಯಲು ಹೊರಟೆ. ಕಾಸರಗೋಡಿನಲ್ಲಿ ಲೇತ್ ಇಟ್ಟವರೊಬ್ಬರು ರಾಡ್‌ನಿಂದ ಕಡೆದು ಕೊಟ್ಟರು, ಒಂದಕ್ಕೆ ಇನ್ನೂರೈವತ್ತೋ ಏನೋ. ಹಳೆಯ ಬೋಲ್ಟನ್ನೇ ಕೊಟ್ಟು, ಅಡ್ಡ ತೂತು ಎಲ್ಲಿ ಬರುತ್ತದೆ ಎಂದು ತೋರಿಸಿ, ವಾಷರಿನ ದಪ್ಪವನ್ನೂ ಸೇರಿಸಿ ಅಳತೆ ಬರೆದುಕೊಟ್ಟಿದ್ದೆ. ಪೈಪು ಕೂರುವ ತೂತು ಬಿಗಿಯೂ ಇರಬಾರದು, ಸಡಿಲವೂ ಇರಬಾರದು. ಕಾಗದ ತೂರುವಷ್ಟು ಸಂದು ಇದ್ದರೆ ಸಾಕು, ಕರಗಿದ ಬೆಳ್ಳಿಯನ್ನು ಸಂದು ತಾನಾಗಿಯೇ ಒಳಗೆ ಎಳೆದುಕೊಳ್ಳುತ್ತದೆ.

ಬೆಳ್ಳಿ ಕಡ್ಡಿ ದುಬಾರಿ. ನೂರಕ್ಕೆ 45 ಪಾಲು ಬೆಳ್ಳಿ ಇರುವ ಕಡ್ಡಿ ಒಂದಕ್ಕೆ ಆಗ ಮುನ್ನೂರರಿಂದ ನಾನೂರು ಕೊಟ್ಟಿದ್ದೆ. ಕ್ಯಾಡ್ಮಿಯಂ ಇಲ್ಲದ್ದೇ ಕೇಳಿ ತನ್ನಿ, ಕ್ಯಾಡ್ಮಿಯಂ ಹೊಗೆ ವಿಷ. ಉರಿಯನ್ನು ಬ್ಯಾಂಜೋಗೆ ಕೊಡಬೇಕು, ಪೈಪಿಗೆ ಅಲ್ಲ, ಕಡ್ಡಿಗಂತೂ ಅಲ್ಲವೇ ಅಲ್ಲ. ಹಿತ್ತಾಳೆಯಿಂದ ಬಿಳಿ ಹೊಗೆ ಎದ್ದರೆ ಸತುವು ಸುಡುತ್ತಿದೆ ಎಂದು ಅರ್ಥ, ಕೂಡಲೇ ಉರಿ ಹಿಂದೆ ತೆಗೆಯಿರಿ. ಫ್ಲಕ್ಸ್ ನೀರಿನಂತೆ ತಿಳಿಯಾದ ಮೇಲೆ ಕಡ್ಡಿ ಮುಟ್ಟಿಸಿದರೆ ಸುತ್ತಲೂ ಒಂದೇ ಸಲ ಹರಿಯುತ್ತದೆ. ಅದನ್ನು ನೋಡುವುದೇ ಒಂದು ಖುಷಿ. ಈಗ ನನ್ನ ಬೆಸುಗೆಯನ್ನು ಲೇತಿನವರೇ ಬೇರೆಯವರಿಗೆ ತೋರಿಸುತ್ತಾರೆ.

ಬೆಸೆದ ಪೈಪನ್ನು ಹಾಗೇ ಹಾಕಿದವರ ರಾಕರ್ ಉಳಿಯುವುದಿಲ್ಲ. ಒಳಗೆ ಗಾಜಿನಂತೆ ಗಟ್ಟಿಯಾದ ಫ್ಲಕ್ಸ್ ಇರುತ್ತದೆ, ಕಪ್ಪು ಕಿಟ್ಟ ಇರುತ್ತದೆ. ಫ್ಲಕ್ಸ್ ಬಿಸಿನೀರಿಗೆ ಕರಗುತ್ತದೆ, ಕುದಿಸಿ. ಕಿಟ್ಟಕ್ಕೆ ಆ್ಯಸಿಡ್ ತರುವ ಅಗತ್ಯ ಇಲ್ಲ, ನಮ್ಮ ಮನೆಗಳಲ್ಲಿ ತಾಮ್ರದ ಹಂಡೆಯನ್ನು ಯಾವುದರಲ್ಲಿ ತೊಳೆಯುತ್ತಾರೋ ಅದೇ ಸಾಕು. ನಾನು ಪುನರ್ಪುಳಿ (ಕೋಕಂ) ಸಿಪ್ಪೆ ಕುದಿಸಿದ ನೀರಿಗೆ ಉಪ್ಪು ಹಾಕಿ ರಾತ್ರಿ ಮುಳುಗಿಸಿಟ್ಟೆ. ಹುಣಸೆಹುಳಿಯೂ ಆಗುತ್ತದೆ. ಬೆಳಿಗ್ಗೆ ಒಳಗೂ ಹೊರಗೂ ಗುಲಾಬಿ ಬಣ್ಣ. ಆಮೇಲೆ ತುಂಬಾ ನೀರು ಹಾಯಿಸಿ, ಬಿಸಿ ಮಾಡಿ ಒಣಗಿಸಬೇಕು.

ಬಗ್ಗಿಸಲು ಮರಳು ತುಂಬುತ್ತಾರೆ. ನನಗೆ ಅದು ಬೇಡ. ಒಂದು ಕಾಳು ಒಳಗೆ ಉಳಿದರೂ ಕಥೆ ಮುಗಿಯಿತು. ಪುಡಿ ಉಪ್ಪನ್ನು ಬಾಣಲೆಯಲ್ಲಿ ಹುರಿದು ತೇವ ತೆಗೆದು, ಪೈಪನ್ನು ತಟ್ಟಿ ತಟ್ಟಿ ತುಂಬಿ, ಎರಡೂ ಕಡೆ ಮರದ ಬೆಣೆ ಹೊಡೆದು ಬಗ್ಗಿಸಿ. ಚಪ್ಪಟೆ ಆಗುವುದಿಲ್ಲ, ನೀರಲ್ಲಿ ಹಾಕಿದರೆ ಉಪ್ಪು ಪೂರ್ತಿ ಹೋಗುತ್ತದೆ.

ಇಷ್ಟೆಲ್ಲ ಆದ ಮೇಲೂ ಮೊದಲ ಬೆಳ್ಳಿ ಬೆಸುಗೆಯ ಪೈಪು ಒಡೆಯಿತು. ಬೆಸುಗೆಯಲ್ಲಿ ಅಲ್ಲ, ಅದರಿಂದ ಒಂದು ಸೆಂಟಿಮೀಟರ್ ಆಚೆ. "ನಾವು ಹೇಳಿದ್ದೇ ಅಲ್ವಾ" ಎಂದವರೆಲ್ಲ ಆಗಲೇ ಎಂದದ್ದು. ಅವರು ಹೇಳಿದ್ದರಲ್ಲಿ ಸತ್ಯ ಇದೆ, ತಾಮ್ರ ನಡುಗಿ ನಡುಗಿ ಗಟ್ಟಿಯಾಗಿ ಬಿರಿಯುತ್ತದೆ. ಆದರೆ ಅದಕ್ಕೆ ಮದ್ದೂ ಇದೆ. ಬಗ್ಗಿಸುವ ಕೆಲಸ ಪೂರ್ತಿ ಮುಗಿದ ಮೇಲೆ ಇಡೀ ಪೈಪನ್ನು ಮಂಕು ಕೆಂಪು ಬರುವ ತನಕ ಕಾಯಿಸಿ ಮತ್ತೆ ಮೆದು ಮಾಡಬೇಕು. ನೀರಿಗೆ ಅದ್ದಿದರೂ ಸರಿ, ತಾನಾಗಿ ತಣಿದರೂ ಸರಿ, ತಾಮ್ರಕ್ಕೆ ಎರಡೂ ಒಂದೇ. ಬೆಸುಗೆಯ ಹತ್ತಿರ ಮಾತ್ರ ಇದನ್ನು ಬೆಸೆಯುವ ಮೊದಲೇ ಮುಗಿಸಿಕೊಳ್ಳಿ. ಎರಡನೆಯದು, ಪೈಪನ್ನು ನೇರ ಕೊಂಡೊಯ್ಯದೆ ನಡುವೆ ಒಂದು ಸುತ್ತು ಕೊಡಬೇಕು, ಆ ಸುತ್ತು ನಡುಕವನ್ನು ತಿನ್ನುತ್ತದೆ. ಹಳೇ ಲಾರಿಗಳ ಡೀಸೆಲ್ ಪೈಪು ನೋಡಿದವರಿಗೆ ಗೊತ್ತು. ಸುತ್ತು ಎಲ್ಲಿ, ಯಾವ ದಿಕ್ಕಿಗೆ, ಎಷ್ಟು ಅಗಲ ಎಂಬುದನ್ನು ನಾನು ಇಲ್ಲಿ ಬರೆಯುವುದಿಲ್ಲ. ಅದಕ್ಕೇ ಎಲ್ಲಕ್ಕಿಂತ ಜಾಸ್ತಿ ದುಡ್ಡೂ ನಿದ್ದೆಯೂ ಹೋಗಿದೆ. ಮೂರನೆಯದು, ಅರ್ಧ ದಾರಿಯಲ್ಲಿ ರಬ್ಬರ್ ಸುತ್ತಿದ ಒಂದು ಕ್ಲಿಪ್ಪು.

ಪರೀಕ್ಷೆಗೆ ಅಡಿಕೆ ತೋಟದ ಗಟಾರು ಪಂಪು, ಅಂದರೆ ಮದ್ದು ಸಿಂಪಡಿಸುವ ಪಂಪು. ಬೋರ್ಡೋ ಮದ್ದು ಬಿಡುವ ಅದೇ ಪಂಪನ್ನು ಚೆನ್ನಾಗಿ ತೊಳೆದು, ಅದರ ಹಿತ್ತಾಳೆ ಫಿಟ್ಟಿಂಗಿಗೆ ಪೈಪು ಸಿಕ್ಕಿಸಿ, ಇನ್ನೊಂದು ತುದಿ ಮುಚ್ಚಿ, ನೀರು ಒತ್ತಿದೆ. ಗೇಜಿನಲ್ಲಿ ಹತ್ತು ಕೆಜಿ ಒತ್ತಡದ ತನಕ ಹೋಗಿ ಅರ್ಧ ಗಂಟೆ ಬಿಟ್ಟೆ. ಬುಲೆಟ್ಟಿನ ಎಣ್ಣೆ ಒತ್ತಡ ಇದರ ಹತ್ತಿರವೂ ಬರುವುದಿಲ್ಲ. ಇಲ್ಲಿ ಬೆವರದ ಬೆಸುಗೆ ಅಲ್ಲಿಯೂ ಬೆವರುವುದಿಲ್ಲ. ಗಾಡಿಗೆ ಹಾಕಿದ ಮೇಲೆ ಸುತ್ತ ಪೌಡರ್ ಉದುರಿಸಿ ಒಂದು ಸುತ್ತು ಓಡಿಸಿ ಬನ್ನಿ, ಎಲ್ಲಿ ಒದ್ದೆಯಾಗಿದೆ ಎಂದು ಪೌಡರೇ ಹೇಳುತ್ತದೆ.

ಮಧ್ಯೆ ಬೇರೆ ಪ್ರಯೋಗಗಳನ್ನೂ ಮಾಡಿದೆ. ಒಳ ಅಗಲ ಜಾಸ್ತಿ ಇದ್ದರೆ ರಾಕರ್‌ಗೆ ಒಳ್ಳೆಯದೋ ಎಂದು ದಪ್ಪ ಪೈಪು ಹಾಕಿ ನೋಡಿದೆ. ಹೆಡ್ಡಿನಲ್ಲಿ ಎಣ್ಣೆ ತುಂಬಿ ವಾಲ್ವ್ ಗೈಡಿನಲ್ಲಿ ಇಳಿದು ನೀಲಿ ಹೊಗೆ ಬಂತು, ತೆಗೆದೆ. ಕಾರಿನ ಬ್ರೇಕ್ ಪೈಪು, ಅದೇ ಒಂದೂವರೆ ಸೂತದ್ದು (3/16 ಇಂಚು), ಹಾಕಿದರೆ ಡಿಸೆಂಬರ್ ಬೆಳಿಗ್ಗೆ 20ಡಬ್ಲ್ಯೂ50 ಎಣ್ಣೆ ಮೇಲೆ ಹತ್ತಲು ತಡವಾಗಿ ಟ್ಯಾಪೆಟ್ ಸದ್ದು ಜಾಸ್ತಿ ಹೊತ್ತು ಕೇಳುತ್ತಿತ್ತು. ಸ್ವಲ್ಪ ದಿನ ನಡುವೆ ಪಾರದರ್ಶಕ ಟ್ಯೂಬಿನ ತುಂಡು ಸೇರಿಸಿ ಎಣ್ಣೆ ಹೋಗುವುದನ್ನು ನೋಡಿದೆ. ಪ್ಲಂಜರ್ ಪಂಪಲ್ವಾ, ಮಿಡಿದು ಮಿಡಿದು ಹೋಗುತ್ತದೆ. ನೋಡಲು ಚೆಂದ, ರಸ್ತೆಗೆ ಅಲ್ಲ. ಅದು ಬಿಸಿಗೆ ಮೆತ್ತಗಾಗುತ್ತದೆ.

ಹೊಸ ಪೈಪು ಹಾಕುವಾಗ ಸಿರಿಂಜಿನಲ್ಲಿ ಎಣ್ಣೆ ತುಂಬಿಸಿಯೇ ಹಾಕಿ. ಸ್ಟಾರ್ಟ್ ಮಾಡಿ ಮೇಲಿನ ಬ್ಯಾಂಜೋ ಒಂಚೂರು ಸಡಿಲಿಸಿ. ಎಣ್ಣೆ ಹೊರಗೆ ಬಂದರೆ ಬಿಗಿ ಮಾಡಿ. ಬರದಿದ್ದರೆ ಆಗಲೇ ಆಫ್ ಮಾಡಿ. ತಾಮ್ರದ ವಾಷರನ್ನೂ ಪ್ರತಿ ಸಲ ಕಾಯಿಸಿ ಮೆದು ಮಾಡಿಕೊಳ್ಳಿ. ವಾಷರಿಗೆ ನಾನು ಇನ್ನೊಂದು ಕೆಲಸ ಮಾಡುತ್ತೇನೆ, ಅದೂ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಕಲಿಯಲು ಹೋದದ್ದೆಲ್ಲ ಸೇರಿಸಿದರೆ ಆರೇಳು ಸಾವಿರ ಆಗಿದೆ. ಕಲಿತ ಮೇಲೆ ಒಂದು ಪೈಪು ಮಾಡಲು ಬ್ಯಾಂಜೋ, ಬೆಳ್ಳಿ, ಗ್ಯಾಸು ಎಲ್ಲ ಹಿಡಿದು ಆಗಿನ ಬೆಲೆಯಲ್ಲಿ ಸಾವಿರದ ಇನ್ನೂರರ ಒಳಗೆ ಮುಗಿಯುತ್ತಿತ್ತು. ಬೇಡ ಎಂದಿದ್ದ ಗೆಳೆಯರ ಗಾಡಿಗಳಲ್ಲೂ ಈಗ ನನ್ನ ಪೈಪೇ ಇದೆ. ಪುತ್ತೂರಿನಿಂದ ಬಿಎಸ್ಎ ಎಂ20 ಎಂಬ ಹಳೆಯ ಬ್ರಿಟಿಷ್ ಬೈಕು ಇರುವವರೊಬ್ಬರು ಕೇಳಿದ್ದಾರೆ. ಅದಕ್ಕೆ ಎಣ್ಣೆ ಟ್ಯಾಂಕೇ ಬೇರೆ, ಟ್ಯಾಂಕಿನಿಂದ ಪಂಪಿಗೆ ಬರುವ ಪೈಪಿನಲ್ಲಿ ಒತ್ತಡ ಅಲ್ಲ, ಎಳೆತ. ಸಣ್ಣ ಸಂದಿದ್ದರೆ ಎಣ್ಣೆ ಹೊರಗೆ ಹನಿಯದೆ ಗಾಳಿ ಒಳಗೆ ಹೋಗಬಹುದು, ಪೌಡರ್ ಹಾಕಿ ನೋಡಿದರೂ ಗೊತ್ತಾಗುವುದಿಲ್ಲ. ಅದಕ್ಕೆ ಅಗಲದ ಪೈಪು ಬೇಕು, ಪರೀಕ್ಷೆಯೂ ಬೇರೆ. ಇನ್ನು ಅದನ್ನು ಶುರು ಮಾಡುತ್ತೇನೆ.

ಮಾಡಿಸಿಕೊಳ್ಳಬೇಕು ಎನ್ನುವವರು ಹಳೆಯ ಪೈಪು ಮಾತ್ರ ಕಳಿಸಬೇಡಿ. ಗಾಡಿಯನ್ನೇ ತನ್ನಿ, ಬೋಲ್ಟು ಸಮೇತ. ಒಂದು ಗಾಡಿಯ ಹೆಡ್ಡು ಕೂತಂತೆ ಇನ್ನೊಂದರದ್ದು ಕೂತಿರುವುದಿಲ್ಲ, ಅಳತೆ ಗಾಡಿಯ ಮೇಲೆಯೇ ತೆಗೆಯಬೇಕು.