ತೈವಾನಿನ ಬಾವೊಬಿಂಗ್: ತಣ್ಣನೆಯ ತಿನಿಸಿಗಾಗಿ ಬೇಯಿಸುವ ಬಗೆ

ತೆಳುವಾಗಿ ಹೆರೆದ ಮಂಜುಗಡ್ಡೆಗೆ ಸಿಹಿಯಾಗಿ ಬೇಯಿಸಿದ ಕಾಳು, ಗೆಡ್ಡೆ, ಜೆಲ್ಲಿಗಳನ್ನು ಕೂಡಿಸಿ, ಮೇಲೆ ಕಂದುಸಕ್ಕರೆಯ ಪಾಕ ಸುರಿದು ತಿನ್ನುವ ತಿನಿಸೇ ಬಾವೊಬಿಂಗ್. ಚೀನೀ ಭಾಷಿಕರು ಇರುವ ನಾಡುಗಳಲ್ಲೆಲ್ಲ ಇದಕ್ಕೆ ಬಗೆಬಗೆಯ ರೂಪಗಳಿವೆ. ನಾನು ಕಲಿತದ್ದು ನಾನು ನೆಲೆಸಿರುವ ದಕ್ಷಿಣ ತೈವಾನಿನ ತೈನಾನ್ ನಗರದ ರೂಪವನ್ನು. ಇಲ್ಲಿನ ಹಳೆಯ ಅಂಗಡಿಗಳಲ್ಲಿ ಸಾಲಾಗಿ ಇಟ್ಟ ಪಾತ್ರೆಗಳಿಂದ ಮೂರು ನಾಲ್ಕು ಬಗೆಯನ್ನು ತೋರಿಸಿ ಹಾಕಿಸಿಕೊಳ್ಳುವುದು ವಾಡಿಕೆ. ಮನೆಯಲ್ಲಿ ಮಾಡತೊಡಗಿದ ಮೇಲೆ ನನಗೆ ಮನದಟ್ಟಾದದ್ದೇನೆಂದರೆ, ಒಲೆಯ ಮೇಲಿರುವಾಗ ರುಚಿ ನೋಡಿ ಇಲ್ಲಿ ಯಾವುದನ್ನೂ ತೀರ್ಮಾನಿಸುವಂತಿಲ್ಲ. ತಣ್ಣಗಿರುವಾಗ ನಾಲಗೆಗೆ ಸಿಹಿ ಮಂದವಾಗಿ ತಿಳಿಯುತ್ತದೆ, ಬೆಂದ ಪಿಷ್ಟ ಗಟ್ಟಿಯಾಗುತ್ತದೆ. ಆದ್ದರಿಂದ ಪ್ರತಿಯೊಂದನ್ನೂ ಊಟಕ್ಕೆ ಬೇಕಾದುದಕ್ಕಿಂತ ತುಸು ಮೆತ್ತಗೆ, ತುಸು ಸಿಹಿಯಾಗಿ ಮಾಡಬೇಕು.

ಅಜುಕಿ ಎಂಬ ಕೆಂಪು ಕಾಳು ನಮ್ಮ ಅಲಸಂದೆ, ಹೆಸರುಗಳ ಕುಲಕ್ಕೇ ಸೇರಿದ್ದು. 250 ಗ್ರಾಂ ಕಾಳನ್ನು ರಾತ್ರಿ ನೆನೆಸಿ, ಮೊದಲು ಕುದಿದ ನೀರನ್ನು ಚೆಲ್ಲಿ, ಹೊಸ ನೀರಿನಲ್ಲಿ ಸಣ್ಣ ಉರಿಯ ಮೇಲೆ ಬೇಯಿಸುತ್ತೇನೆ. ಎರಡು ಬೆರಳುಗಳ ನಡುವೆ ಹಿಸುಕಿದರೆ ಸಿಪ್ಪೆಸಮೇತ ನುಣ್ಣಗೆ ಮಸೆಯುವಂತಾದ ಮೇಲೆಯೇ 150 ಗ್ರಾಂ ಸಕ್ಕರೆಯನ್ನೂ ಚಿಟಿಕೆ ಉಪ್ಪನ್ನೂ ಸೇರಿಸುತ್ತೇನೆ. ಸಕ್ಕರೆ ಮೊದಲೇ ಬಿದ್ದರೆ ಸಿಪ್ಪೆ ಮೆತ್ತಗಾಗುವುದಿಲ್ಲ. ಕೆಸುವಿನ ಗೆಡ್ಡೆಗೂ ಇದೇ ಕ್ರಮ: ಕೈಗೆ ಎಣ್ಣೆ ಸವರಿಕೊಂಡು ಸಿಪ್ಪೆ ತೆಗೆದು, ಹೋಳುಗಳನ್ನು ಹಬೆಯಲ್ಲಿ ಪೂರ್ತಿ ಬೇಯಿಸಿ, ಬಿಸಿ ಆರುವ ಮುನ್ನ ಸಕ್ಕರೆಯಲ್ಲಿ ಹೊರಳಿಸಬೇಕು.

ನನಗೆ ಅತ್ಯಂತ ಪ್ರಿಯವಾದ ಕೆಲಸ ಐಯು ಜೆಲ್ಲಿಯದು. ಐಯು ಎಂಬುದು ಅತ್ತಿ, ಆಲಗಳ ಕುಲಕ್ಕೆ ಸೇರಿದ, ತೈವಾನಿನ ಬೆಟ್ಟಗಳಲ್ಲಿ ಬೆಳೆಯುವ ಬಳ್ಳಿ. ಅದರ ಕಾಯಿಯನ್ನು ಸೀಳಿ, ಒಳಮೈ ಹೊರಗಾಗಿ ಮಗುಚಿ ಒಣಗಿಸಿ, ಬೀಜಗಳನ್ನು ಬಿಡಿಸಿ ಮಾರುತ್ತಾರೆ. ಇದಕ್ಕೆ ಒಲೆಯೇ ಬೇಡ. 50 ಗ್ರಾಂ ಬೀಜವನ್ನು ಬಟ್ಟೆಯ ಚೀಲದಲ್ಲಿ ಕಟ್ಟಿ, 2 ಲೀಟರ್ ತಣ್ಣೀರಿನಲ್ಲಿ ಮುಳುಗಿಸಿ ಹಿಚುಕುತ್ತ ಹೋದರೆ, ಬಟ್ಟೆಯ ನೂಲಿನ ಸಂದುಗಳಿಂದ ಲೋಳೆ ಜಿನುಗಿ ಬೆರಳುಗಳು ಒಂದರ ಮೇಲೊಂದು ಜಾರತೊಡಗುತ್ತವೆ, ನೀರು ತೆಳು ಹಳದಿಗೆ ತಿರುಗುತ್ತದೆ. ಸುಮಾರು 10 ನಿಮಿಷದಲ್ಲಿ ಚೀಲದ ಒಳಗಿನ ಜಾರುತನ ಕಡಿಮೆಯಾಗಿ ಬೀಜ ತರಿತರಿಯಾಗಿ ಕೈಗೆ ಸಿಗುತ್ತದೆ. ಅಲ್ಲಿಗೆ ನಿಲ್ಲಿಸಿ, ಪಾತ್ರೆಯನ್ನು ಅಲುಗಿಸದೆ ಬಿಟ್ಟರೆ ಒಂದು ಗಂಟೆಯೊಳಗೆ ತಾನಾಗಿಯೇ ಹೆಪ್ಪುಗಟ್ಟುತ್ತದೆ. ಬೀಜದ ಪೆಕ್ಟಿನನ್ನು ಅದರಲ್ಲೇ ಇರುವ ಕಿಣ್ವವು ಮಾರ್ಪಡಿಸಿ, ನೀರಿನ ಕ್ಯಾಲ್ಸಿಯಂ ಅದನ್ನು ಬಂಧಿಸುವುದರಿಂದ ಹೀಗಾಗುತ್ತದೆ. ಬಿಸಿನೀರು ಹಾಕಿದರೆ ಕಿಣ್ವ ಕೆಡುತ್ತದೆ, ಬಟ್ಟಿ ಇಳಿಸಿದ ನೀರಿನಲ್ಲಿ ಕ್ಯಾಲ್ಸಿಯಂ ಇರುವುದಿಲ್ಲ; ಹಾಗಾಗಿ ನಾನು ಖನಿಜಯುಕ್ತ ಕುಡಿಯುವ ನೀರನ್ನೇ ಬಳಸುತ್ತೇನೆ. ಪಾತ್ರೆಗಾಗಲಿ ಕೈಗಾಗಲಿ ಎಣ್ಣೆಯ ಜಿಡ್ಡು ಸೋಕಬಾರದು ಎಂದು ಇಲ್ಲಿನವರು ಒತ್ತಿ ಹೇಳುವುದರಿಂದ, ಕೆಸುವಿನ ಕೆಲಸಕ್ಕೆ ಮೊದಲೇ ಐಯು ಮುಗಿಸಿಕೊಳ್ಳುವುದು ನನ್ನ ಪದ್ಧತಿ.

ಪಾಕಕ್ಕೆ ಕಂದುಸಕ್ಕರೆಯನ್ನು ಒಣ ಬಾಣಲೆಯಲ್ಲಿ ಕರಗಿ ಪರಿಮಳ ಬರುವವರೆಗೆ ಕಾಯಿಸಿ ನೀರು ಬೆರೆಸುತ್ತೇನೆ. ಎಳೆ ಬರುವ ಮೊದಲೇ ಇಳಿಸಬೇಕು, ಏಕೆಂದರೆ ತಣ್ಣಗಾದಂತೆ ಅದು ಇನ್ನೂ ದಪ್ಪವಾಗುತ್ತದೆ; ಒಂದೆಳೆಯ ಪಾಕವಾದರೆ ಮಂಜುಗಡ್ಡೆಯ ಒಳಕ್ಕೆ ಇಳಿಯದೆ ಮೇಲೆಯೇ ಅಂಟಿಕೊಂಡು ನಿಲ್ಲುತ್ತದೆ. ಪಾಕವನ್ನೂ ಬಡಿಸುವ ಬಟ್ಟಲುಗಳನ್ನೂ ಫ್ರಿಜ್ಜಿನಲ್ಲಿ ಚೆನ್ನಾಗಿ ತಣಿಸಿಡುತ್ತೇನೆ.

ಇಷ್ಟೆಲ್ಲ ಸಿದ್ಧವಾದರೂ ಮಂಜುಗಡ್ಡೆ ಸರಿಯಿಲ್ಲದಿದ್ದರೆ ತಿನಿಸು ಕೆಟ್ಟಂತೆಯೇ. ಮುಚ್ಚಳವಿಲ್ಲದ ಥರ್ಮೋಕೋಲ್ ಪೆಟ್ಟಿಗೆಯೊಳಗೆ ನೀರು ತುಂಬಿದ ಡಬ್ಬಿಯನ್ನಿಟ್ಟು ಫ್ರೀಜರಿಗೆ ಹಾಕಿದರೆ ನೀರು ಮೇಲಿನಿಂದ ಕೆಳಕ್ಕೆ ಹೆಪ್ಪುಗಟ್ಟುತ್ತ, ಗಾಳಿಯನ್ನು ತಳಕ್ಕೆ ತಳ್ಳುತ್ತದೆ. ತಳ ಗಟ್ಟಿಯಾಗುವ ಮುನ್ನ ಹೊರತೆಗೆದರೆ ತಿಳಿಗಾಜಿನಂಥ ಗಡ್ಡೆ ಸಿಗುತ್ತದೆ. ಅದನ್ನು ಹೊರಬಂದ ಕೂಡಲೇ ಹೆರೆಯಬಾರದು. ಸೊನ್ನೆಗಿಂತ 18 ಡಿಗ್ರಿ ಕೆಳಗಿರುವ ಗಡ್ಡೆಗೆ ಅಲಗು ತಾಗಿದರೆ ಹರಳುಹರಳಾಗಿ ಸಿಡಿಯುತ್ತದೆ. ಹತ್ತು ಹದಿನೈದು ನಿಮಿಷ ಹೊರಗಿಟ್ಟಾಗ ಮೇಲಿನ ಬಿಳಿ ಮಂಜು ಮಾಯವಾಗಿ ಮೈ ಒದ್ದೆಯಾಗಿ ಹೊಳೆಯುತ್ತದೆ, ಅದೇ ಹದ. ಜಪಾನಿನ ಆಳ್ವಿಕೆಯ ಕಾಲದಿಂದ (1895–1945) ಇಲ್ಲಿ ಬಳಕೆಯಲ್ಲಿರುವ ಕೈಯಿಂದ ತಿರುಗಿಸುವ ಯಂತ್ರದ ಮಾದರಿಯದೇ ಚಿಕ್ಕದೊಂದು ನನ್ನಲ್ಲಿದೆ. ಅಲಗನ್ನು ಕೂದಲೆಳೆಯಷ್ಟೇ ಹೊರಚಾಚಿಸಿ ಒಂದೇ ವೇಗದಲ್ಲಿ ತಿರುಗಿಸಿದರೆ ಉದ್ದನೆಯ ಪದರಗಳು ಸುರುಳಿಯಾಗಿ ಬೀಳುತ್ತವೆ. ಈಗ ಜನಪ್ರಿಯವಾಗಿರುವ, ಹಾಲನ್ನೇ ಹೆಪ್ಪುಗಟ್ಟಿಸಿ ಹೆರೆಯುವ ಬಗೆ ಇದಕ್ಕಿಂತ ಮೃದುವೆಂಬುದು ನಿಜ, ಆದರೆ ಕಾಳು ಮತ್ತು ಕೆಸುವಿನ ರುಚಿ ಎದ್ದು ಕಾಣುವುದು ಬರಿಯ ನೀರಿನ ಮಂಜುಗಡ್ಡೆಯಲ್ಲೇ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಬಟ್ಟಲಿಗೆ ಅರ್ಧ ಮಂಜು ಹಾಕಿ, ಸ್ವಲ್ಪ ಪಾಕ ಸುರಿದು, ಉಳಿದ ಮಂಜು ತುಂಬಿ, ಮೇಲೆ ಕಾಳು, ಕೆಸು, ಐಯು ಇಟ್ಟು ಮತ್ತೆ ಪಾಕ ಸುರಿಯುತ್ತೇನೆ. ಬೇಕಾದವರಿಗೆ ಸಿಹಿಗೊಳಿಸಿದ ಗಟ್ಟಿ ಹಾಲು. ಒತ್ತಿ ತುಂಬಿದರೆ ಪದರಗಳು ಗಡ್ಡೆಕಟ್ಟುವುದರಿಂದ ಚಮಚದ ಹಿಂಬದಿಯನ್ನೂ ತಾಗಿಸುವುದಿಲ್ಲ. ಬೇಸಿಗೆಯಲ್ಲಿ ತೈನಾನಿನ ಯೂಜಿಂಗ್ ಪ್ರದೇಶದ ಮಾವು ಬಂದಾಗ ಇವೆಲ್ಲವನ್ನೂ ಬಿಟ್ಟು ಹಣ್ಣಿನ ಹೋಳು ಮತ್ತು ಗಟ್ಟಿ ಹಾಲು ಮಾತ್ರ ಸಾಕು. ಉಳಿದ ಕಾಳನ್ನು ಅದರ ರಸದೊಂದಿಗೆ ಫ್ರಿಜ್ಜಿನಲ್ಲಿ ಎರಡು ಮೂರು ದಿನ ಇಡಬಹುದು, ಕೆಸುವನ್ನು ಮರುದಿನ ಹಬೆಯಲ್ಲಿ ಮತ್ತೊಮ್ಮೆ ಮೆತ್ತಗಾಗಿಸಿ ತಣಿಸಿಕೊಳ್ಳಬಹುದು. ಐಯು ಮಾತ್ರ ಇಟ್ಟಷ್ಟೂ ನೀರು ಬಿಟ್ಟು ಕುಗ್ಗುತ್ತ ಹೋಗುವುದರಿಂದ ಅಂದಿನದನ್ನು ಅಂದೇ ಮುಗಿಸಬೇಕು.