ಚಿಕ್ಕ ಲ್ಯಾಪ್‌ಟಾಪಿಗೆ ಯಾವ ಓಎಸ್? ಅಳಿಸುವ ಮೊದಲು ಪೆನ್‌ಡ್ರೈವ್‌ನಲ್ಲಿ ಓಡಿಸಿ ನೋಡಿ

ಪ್ರತಿ ವರ್ಷ ಮೇ ಕೊನೆಯ ವಾರ ಬಂತೆಂದರೆ ಮಂಗಳೂರು ಕದ್ರಿಯ ನಮ್ಮ ಮನೆಗೆ ಚಿಕ್ಕ ಲ್ಯಾಪ್‌ಟಾಪ್‌ಗಳು ಬರಲು ಶುರು. ನೆಂಟರದ್ದು, ಪಕ್ಕದ ಮನೆಯವರದ್ದು, ನೆಂಟರ ಪಕ್ಕದ ಮನೆಯವರದ್ದು. ಹೆಚ್ಚಿನವು ಆನ್‌ಲೈನ್ ಕ್ಲಾಸಿನ ಕಾಲದಲ್ಲಿ ಹದಿನೈದು, ಇಪ್ಪತ್ತು ಸಾವಿರ ಕೊಟ್ಟು ತೆಗೆದುಕೊಂಡವು. ಹನ್ನೊಂದು ಇಂಚಿನ ಪರದೆ, 4 ಜಿಬಿ ರ‍್ಯಾಮ್, 32 ಅಥವಾ 64 ಜಿಬಿ ಸ್ಟೋರೇಜ್. "ಆನ್ ಆಗ್ಲಿಕ್ಕೇ ಹತ್ತು ನಿಮಿಷ ಬೇಕು ಮಾರಾಯ್ರೆ, ಬೇರೆ ಎಂತಾದ್ರೂ ಹಾಕಿ ಕೊಡಿ" ಎನ್ನುತ್ತಾರೆ. ಅವರು ಕೇಳುವುದು ಬೇರೆ ಓಎಸ್, ಅಂದರೆ ವಿಂಡೋಸ್, ಲಿನಕ್ಸ್‌ನಂಥ, ಇಡೀ ಯಂತ್ರವನ್ನು ನಡೆಸುವ ಮೂಲ ಪ್ರೋಗ್ರಾಂ.

ಕಳೆದ ಮಳೆಗಾಲದಲ್ಲಿ ಕಾಪುವಿನಿಂದ ನನ್ನ ಅತ್ತಿಗೆ ಅಂಥದ್ದೇ ಒಂದನ್ನು ತಂದಿದ್ದರು. ಅಂಗಡಿಯೊಂದರಲ್ಲಿ "ಲಿನಕ್ಸ್ ಹಾಕಿದ್ರೆ ಫಾಸ್ಟ್ ಆಗ್ತದೆ" ಎಂದು ಅರ್ಧ ಗಂಟೆಯಲ್ಲಿ ಹಾಕಿ ಕೊಟ್ಟಿದ್ದರಂತೆ. ಫಾಸ್ಟ್ ಆಗಿದ್ದು ನಿಜ. ಆದರೆ ಸ್ಪೀಕರಿನಲ್ಲಿ ಸದ್ದೇ ಇಲ್ಲ. ಮುಚ್ಚಿ ತೆರೆದರೆ ಪರದೆ ಕಪ್ಪು. ಮಗಳ ನಾಮಕರಣದ ಫೋಟೊಗಳು ಅಳಿಸಿ ಹೋಗಿದ್ದವು. ಅವುಗಳ ಬೇರೆ ಕಾಪಿ ಎಲ್ಲೂ ಇರಲಿಲ್ಲ. ಅತ್ತಿಗೆ ಅವತ್ತು ಅತ್ತದ್ದನ್ನು ನೋಡಿದೆ. ಇನ್ನೊಬ್ಬರಿಗೆ ಹಾಗಾಗಬಾರದು ಎಂದೇ ಇದನ್ನು ಬರೆಯುತ್ತಿದ್ದೇನೆ.

ಹೆಜ್ಜೆ 1: ಕೆಲಸದ ಪಟ್ಟಿ

ಒಂದು ಕಾಗದ ತೆಗೆದುಕೊಳ್ಳಿ. ಈ ಲ್ಯಾಪ್‌ಟಾಪಿನಲ್ಲಿ ಏನೇನು ಮಾಡುತ್ತೀರಿ ಎಂದು ಬರೆಯಿರಿ. "ಎಲ್ಲ ಬೇಕು" ಎಂದು ಬರೆಯಬೇಡಿ. ಯೂಟ್ಯೂಬ್, ಮೇಲ್, ಮಕ್ಕಳ ಪ್ರಾಜೆಕ್ಟ್, ಕರೆಂಟ್ ಬಿಲ್, ಕನ್ನಡ ಟೈಪಿಂಗ್, ಹೀಗೆ ಬಿಡಿಸಿ ಬರೆಯಿರಿ.

ಪಟ್ಟಿಯಲ್ಲಿ ಟ್ಯಾಲಿ ಇದೆಯಾ? ಜಿಎಸ್‌ಟಿಗೆ ಚುಚ್ಚುವ ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ ಇದೆಯಾ? ಹಾಗಿದ್ದರೆ ವಿಂಡೋಸ್ ಬಿಡಬೇಡಿ. ಟ್ಯಾಲಿ ವಿಂಡೋಸ್‌ಗಾಗಿ ಮಾಡಿದ ಪ್ರೋಗ್ರಾಂ. ಅದನ್ನು ಲಿನಕ್ಸ್‌ನಲ್ಲಿ ಓಡಿಸುವ ಉಪಾಯ ಹೇಳಿಕೊಡುವವರು ಸಿಗುತ್ತಾರೆ. ಮಾರ್ಚ್ ತಿಂಗಳ ಕೊನೆಯಲ್ಲಿ ಅದು ಕೈಕೊಟ್ಟರೆ ಅವರು ಸಿಗುವುದಿಲ್ಲ. ಅಂಗಡಿ ಲೆಕ್ಕಕ್ಕೆ ಈ ಪುಟ್ಟ ಯಂತ್ರದ ಜೊತೆ ಗುದ್ದಾಡುವ ಬದಲು, 8 ಜಿಬಿ ರ‍್ಯಾಮ್, ಎಸ್‌ಎಸ್‌ಡಿ (ತಿರುಗುವ ಭಾಗ ಇಲ್ಲದ, ವೇಗದ ಸ್ಟೋರೇಜ್) ಇರುವ, ಇಂಟೆಲ್ 8ನೇ ಅಥವಾ ನಂತರದ ತಲೆಮಾರಿನ ಸೆಕೆಂಡ್ ಹ್ಯಾಂಡ್ ಆಫೀಸ್ ಲ್ಯಾಪ್‌ಟಾಪ್ ತೆಗೆದುಕೊಳ್ಳಿ. ಈ ಚಿಕ್ಕದನ್ನು ಮಕ್ಕಳಿಗೆ ಬಿಡಿ.

ಹೆಜ್ಜೆ 2: ಯಂತ್ರದ ಅಳತೆ

ವಿಂಡೋಸ್ ಇರುವಾಗಲೇ ನೋಡಿಕೊಳ್ಳಿ. ಸ್ಟಾರ್ಟ್ ಒತ್ತಿ 'ಎಂಎಸ್‌ಇನ್ಫೋ32' ಎಂದು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿದರೆ ಪ್ರೊಸೆಸರ್, ರ‍್ಯಾಮ್, 32 ಬಿಟ್ಟೋ 64 ಬಿಟ್ಟೋ, ಎಲ್ಲ ಒಂದೇ ಕಡೆ ಸಿಗುತ್ತದೆ. ಮೊಬೈಲಿನಲ್ಲಿ ಫೋಟೊ ತೆಗೆದಿಡಿ.

ಸ್ಟೋರೇಜ್ ಮೇಲೆ ಹೆಚ್ಚು ಗಮನ ಇರಲಿ. ಅಗ್ಗದ ಲ್ಯಾಪ್‌ಟಾಪ್‌ಗಳಲ್ಲಿ ಇರುವುದು ಇಎಂಎಂಸಿ ಎಂಬ ಸ್ಟೋರೇಜ್ ಚಿಪ್. ಮದರ್‌ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ, ಬದಲಾಯಿಸಲು ಆಗುವುದಿಲ್ಲ. 32 ಜಿಬಿ ಎಂದು ಡಬ್ಬದ ಮೇಲೆ ಬರೆದಿದ್ದರೂ ಒಳಗೆ ಕಾಣುವುದು 29 ಜಿಬಿ ಚಿಲ್ಲರೆ. ಅದರಲ್ಲಿ ವಿಂಡೋಸ್ ಒಂದೇ ಇಪ್ಪತ್ತರ ಹತ್ತಿರ ನುಂಗುತ್ತದೆ. ದೊಡ್ಡ ಅಪ್‌ಡೇಟ್ ಬಂದಾಗ ಜಾಗ ಸಾಲದೆ ಅರ್ಧಕ್ಕೆ ನಿಲ್ಲುತ್ತದೆ, ಮತ್ತೆ ಶುರುವಾಗುತ್ತದೆ, ಮತ್ತೆ ನಿಲ್ಲುತ್ತದೆ. ನಿಧಾನ ಆಗುವುದಕ್ಕೆ ಒಂದು ದೊಡ್ಡ ಕಾರಣ ಇದು. ವಿಂಡೋಸ್ 11ಕ್ಕೆ ಕಡಿಮೆ ಎಂದರೂ 64 ಜಿಬಿ ಸ್ಟೋರೇಜ್, 4 ಜಿಬಿ ರ‍್ಯಾಮ್, ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು ಎಂದು ಮೈಕ್ರೋಸಾಫ್ಟ್ ತಾನೇ ಹೇಳುತ್ತದೆ. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಮಾಮೂಲಿ ಅಪ್‌ಡೇಟ್ ನಿಂತಿತು.

ನಿಮ್ಮದರಲ್ಲಿ ಇಎಂಎಂಸಿ ಬದಲು ಹಳೆಯ ತಿರುಗುವ ಹಾರ್ಡ್ ಡಿಸ್ಕ್ ಇದ್ದರೆ ಈ ಲೇಖನ ಬದಿಗಿಟ್ಟು ಮೊದಲು ಎಸ್‌ಎಸ್‌ಡಿ ಹಾಕಿಸಿ. ಅಷ್ಟಕ್ಕೇ ಅರ್ಧ ಸಮಸ್ಯೆ ಮುಗಿಯಬಹುದು.

ಇನ್ನೊಂದು ಜಾತಿ ಇದೆ. ಜಿಯೋಬುಕ್‌ನಂಥವು. ಅವುಗಳಲ್ಲಿ ಇರುವುದು ಮೊಬೈಲ್ ಫೋನಿನಲ್ಲಿರುವಂಥ ಮೀಡಿಯಾಟೆಕ್ ಚಿಪ್. ಇಂಟೆಲ್, ಎಎಂಡಿಗೆ ಮಾಡಿದ ವಿಂಡೋಸ್ ಆಗಲಿ ಲಿನಕ್ಸ್ ಆಗಲಿ ಅದರಲ್ಲಿ ಬೂಟ್ ಆಗುವುದಿಲ್ಲ, ಅಂದರೆ ಶುರುವೇ ಆಗುವುದಿಲ್ಲ. ಅದರೊಳಗೆ ಬಂದಿರುವ ಓಎಸ್‌ನಲ್ಲೇ ಇರಬೇಕು. ಹಾಗೆಯೇ 'ಎಸ್ ಮೋಡ್' ವಿಂಡೋಸ್ ಇದ್ದು ಹೊರಗಿನ ಪ್ರೋಗ್ರಾಂ ಹಾಕಲು ಬಿಡದಿದ್ದರೆ ಓಎಸ್ ಬದಲಿಸಬೇಕಾಗಿಲ್ಲ. ಮೈಕ್ರೋಸಾಫ್ಟ್ ಸ್ಟೋರಿನಲ್ಲಿ ದುಡ್ಡಿಲ್ಲದೆ ಅದರಿಂದ ಹೊರಗೆ ಬರಬಹುದು. ವಾಪಸ್ ಹೋಗಲು ಆಗುವುದಿಲ್ಲ, ಹೋಗುವ ಅಗತ್ಯವೂ ಇಲ್ಲ.

ಹೆಜ್ಜೆ 3: ಆಯ್ಕೆ

4 ಜಿಬಿ ರ‍್ಯಾಮ್, 32 ಅಥವಾ 64 ಜಿಬಿ ಜಾಗ, ಮನೆ ಬಳಕೆ ಎಂದಾದರೆ ನಾನು ಹೇಳುವುದು ಒಂದೇ: ಲಿನಕ್ಸ್ ಮಿಂಟ್, ಅದರಲ್ಲೂ ಎಕ್ಸ್‌ಎಫ್‌ಸಿಇ ಎಂಬ ಹಗುರ ಆವೃತ್ತಿ. ಪರದೆಯ ಕೆಳಗೆ ಪಟ್ಟಿ, ಮೂಲೆಯಲ್ಲಿ ಮೆನು, ವಿಂಡೋಸ್ ನೋಡಿದವರಿಗೆ ಗಾಬರಿ ಆಗುವುದಿಲ್ಲ. ಮಿಂಟ್ 22ರ ಸಾಲಿಗೆ 2029ರವರೆಗೆ ಅಪ್‌ಡೇಟ್ ಉಂಟು. 2 ಜಿಬಿ ರ‍್ಯಾಮ್ ಇದ್ದರೆ ಲುಬುಂಟು ಎಂಬ ಇನ್ನೂ ಹಗುರದ ಲಿನಕ್ಸ್ ಹಾಕಿ. ಆದರೆ ಅದರಲ್ಲಿ ಟೈಪಿಂಗ್, ಒಂದೆರಡು ಟ್ಯಾಬ್, ಅಷ್ಟಕ್ಕೆ ತೃಪ್ತಿಪಡಬೇಕು. ಓಎಸ್ ಎಷ್ಟು ಹಗುರವಾದರೂ ಬ್ರೌಸರ್ ಹಗುರ ಆಗುವುದಿಲ್ಲ ಅಲ್ವಾ?

ಕ್ರೋಮ್ ಓಎಸ್ ಫ್ಲೆಕ್ಸ್ ಕೂಡ ಒಳ್ಳೆಯದೇ. ಗೂಗಲ್‌ನದ್ದು, ಉಚಿತ, 4 ಜಿಬಿ ರ‍್ಯಾಮ್, 16 ಜಿಬಿ ಜಾಗ ಸಾಕು. ಆದರೆ ಅದರಲ್ಲಿ ಪ್ಲೇ ಸ್ಟೋರ್ ಇಲ್ಲ, ಮೊಬೈಲ್ ಆ್ಯಪ್‌ಗಳು ಓಡುವುದಿಲ್ಲ. ಇದು ಗೊತ್ತಿಲ್ಲದೆ ಹಾಕಿಸಿಕೊಂಡು ಬೇಸರಪಟ್ಟವರು ತುಂಬ. ಜೊತೆಗೆ ಬಹುತೇಕ ಕೆಲಸಕ್ಕೆ ನೆಟ್ ಬೇಕು. ಮಂಗಳೂರು ಪೇಟೆಯಲ್ಲಿ ತೊಂದರೆಯಿಲ್ಲ. ಕಾರ್ಕಳ, ಬೆಳ್ತಂಗಡಿ ಕಡೆ ಜುಲೈಯಲ್ಲಿ ಒಂದು ಮರ ಬಿದ್ದರೆ ಕರೆಂಟೂ ಇಲ್ಲ, ನೆಟ್ಟೂ ಇಲ್ಲ. ಅಲ್ಲಿ ಮಿಂಟ್ ಇದ್ದರೆ ಬ್ಯಾಟರಿ ಇರುವವರೆಗೆ ಲಿಬ್ರೆ ಆಫೀಸ್‌ನಲ್ಲಿ (ಎಂಎಸ್ ಆಫೀಸ್‌ನಂಥ ಉಚಿತ ಪ್ರೋಗ್ರಾಂ) ಪಾಠ ಟೈಪ್ ಮಾಡಬಹುದು.

"ಮಕ್ಕಳಿಗೆ ಲಿನಕ್ಸ್ ಕಷ್ಟ" ಎನ್ನುವವರಿಗೆ ಒಂದು ಮಾತು. ತಲಪಾಡಿ ದಾಟಿದರೆ ಕೇರಳ. ಅಲ್ಲಿನ ಸರ್ಕಾರಿ ಶಾಲೆಗಳ ಕಂಪ್ಯೂಟರ್‌ನಲ್ಲಿ ಇರುವುದು ಉಬುಂಟು ಎಂಬ ಲಿನಕ್ಸ್‌ನಿಂದ ಮಾಡಿಕೊಂಡ ಕೈಟ್ ಎಂಬ ಲಿನಕ್ಸ್. ಕಾಸರಗೋಡಿನ ನಮ್ಮ ಕನ್ನಡದ ಮಕ್ಕಳೂ ಅದರಲ್ಲೇ ಕಲಿಯುತ್ತಾರೆ.

ವಿಂಡೋಸ್ 11ರ ತಪಾಸಣೆ ತಪ್ಪಿಸಿ ಹಳೆಯ ಯಂತ್ರಕ್ಕೆ ತುರುಕುವ ಅಡ್ಡದಾರಿ ಉಂಟು. ಹಾಕಲು ಆಗುತ್ತದೆ. ಮುಂದೆ ಅಪ್‌ಡೇಟ್ ಬರುತ್ತದೆ ಎಂಬ ಖಾತ್ರಿ ಇಲ್ಲ, 4 ಜಿಬಿಯಲ್ಲಿ ಅದರ ಓಟವೂ ಅಷ್ಟಕ್ಕಷ್ಟೇ. ಬೇಡ. ಕ್ರ್ಯಾಕ್ ಮಾಡಿದ ವಿಂಡೋಸ್, ಇನ್ನೂರು ರೂಪಾಯಿಯ 'ಲೈಫ್‌ಟೈಮ್ ಕೀ' ಇವನ್ನಂತೂ ಮುಟ್ಟಬೇಡಿ. ಅದೇ ಲ್ಯಾಪ್‌ಟಾಪಿನಲ್ಲಿ ನೀವು ಬ್ಯಾಂಕ್ ಪಾಸ್‌ವರ್ಡ್ ಹಾಕುತ್ತೀರಿ.

ಹೆಜ್ಜೆ 4: ಕಾಪಿ

ಫೋಟೊ, ಕಾಗದಪತ್ರ ಎಲ್ಲ ಹೊರಗಿನ ಡಿಸ್ಕಿಗೆ ಹಾಕಿ. ಆ ಡಿಸ್ಕನ್ನು ಬೇರೊಂದು ಕಂಪ್ಯೂಟರ್‌ಗೆ ಚುಚ್ಚಿ, ನಾಲ್ಕು ಫೋಟೊ ತೆರೆದು ನೋಡಿ. ತೆರೆದು ನೋಡದ ಕಾಪಿಯನ್ನು ನಾನು ಕಾಪಿ ಎಂದು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಹೆಜ್ಜೆ 5: ಪೆನ್‌ಡ್ರೈವ್

8 ಜಿಬಿಯದ್ದು ಸಾಕು. ಮಿಂಟ್‌ನ ಸ್ವಂತ ಜಾಲತಾಣದಿಂದ ಐಎಸ್‌ಒ ಫೈಲ್ (ಇಡೀ ಓಎಸ್ ಒಂದೇ ಫೈಲಿನಲ್ಲಿ) ಇಳಿಸಿ, ರೂಫಸ್ ಎಂಬ ಪುಟ್ಟ ಪ್ರೋಗ್ರಾಂನಿಂದ ಬರೆಯಿರಿ. ಫೈಲನ್ನು ಸುಮ್ನೆ ಕಾಪಿ ಪೇಸ್ಟ್ ಮಾಡಿದರೆ ಬೂಟ್ ಆಗುವುದಿಲ್ಲ. ಫುಟ್‌ಪಾತಿನಲ್ಲಿ ಮುನ್ನೂರು ರೂಪಾಯಿಗೆ ಸಿಗುವ 'ಎರಡು ಟಿಬಿ' ಪೆನ್‌ಡ್ರೈವ್ ನಕಲಿ, ಅದರ ಮೇಲೆ ಬರೆದದ್ದು ಅರ್ಧಕ್ಕೆ ಮಾಯವಾಗುತ್ತದೆ.

ಹೆಜ್ಜೆ 6: ಅಳಿಸದೆ ಓಡಿಸಿ ನೋಡುವುದು

ಜನ ಎಡವುವುದು ಇಲ್ಲೇ. ಪೆನ್‌ಡ್ರೈವ್ ಹಾಕಿದ ಕೂಡಲೇ 'ಇನ್‌ಸ್ಟಾಲ್' ಒತ್ತಿಬಿಡುತ್ತಾರೆ. ಒತ್ತಬೇಡಿ. ಮಿಂಟ್ ಪೆನ್‌ಡ್ರೈವ್‌ನಿಂದಲೇ ಪೂರ್ತಿ ಓಡುತ್ತದೆ. ಒಳಗಿನ ವಿಂಡೋಸ್ ಇದ್ದ ಹಾಗೇ ಇರುತ್ತದೆ. ಇದಕ್ಕೆ ಒಂದು ಇಡೀ ಭಾನುವಾರ ಕೊಡಿ.

ಆನ್ ಆಗುವಾಗ ಎಫ್12, ಎಫ್9, ಎಸ್ಕೇಪ್ ಎಂದು ಟಕಟಕ ಒತ್ತುತ್ತಾ ಕೂರಬೇಕಾಗಿಲ್ಲ. ವಿಂಡೋಸ್ ಒಳಗಿನಿಂದಲೇ ಶಿಫ್ಟ್ ಒತ್ತಿ ಹಿಡಿದು 'ರೀಸ್ಟಾರ್ಟ್' ಕೊಡಿ. ನೀಲಿ ಪರದೆ ಬರುತ್ತದೆ. 'ಯೂಸ್ ಎ ಡಿವೈಸ್' ಒತ್ತಿ ಯುಎಸ್‌ಬಿ ಆರಿಸಿ. ಆ ಆಯ್ಕೆ ಕಾಣದಿದ್ದರೆ ಮಾತ್ರ ಕೀ ಒತ್ತುವ ದಾರಿ. ಬಯೋಸ್‌ಗೆ (ಯಂತ್ರದ ಮೂಲ ಸೆಟ್ಟಿಂಗ್) ಹೋಗಿ ಸೆಕ್ಯೂರ್ ಬೂಟ್ ಎಂಬ ಭದ್ರತಾ ತಪಾಸಣೆ ಆಫ್ ಮಾಡಿ ಎಂದು ಅನೇಕರು ಹೇಳುತ್ತಾರೆ. ಮಿಂಟ್ ಅದು ಆನ್ ಇದ್ದರೂ ಬೂಟ್ ಆಗುತ್ತದೆ, ಸುಮ್ನೆ ಮುಟ್ಟಬೇಡಿ. ಮುಟ್ಟಿದರೆ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ವಿಂಡೋಸ್ 48 ಅಂಕಿಯ ಬಿಟ್‌ಲಾಕರ್ ಕೀ (ಸ್ಟೋರೇಜಿನ ಬೀಗ ತೆರೆಯುವ ಸಂಖ್ಯೆ) ಕೇಳುತ್ತದೆ. ಅದು ಸಾಮಾನ್ಯವಾಗಿ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಇರುತ್ತದೆ. ಯಾವುದಕ್ಕೂ ಮೊದಲೇ ಕಾಗದದಲ್ಲಿ ಬರೆದಿಟ್ಟುಕೊಳ್ಳಿ.

ಮಿಂಟ್ ತೆರೆದುಕೊಂಡಿತಾ? ನಿಧಾನ ಅನಿಸಿದರೆ ಬೇಸರ ಬೇಡ, ಪೆನ್‌ಡ್ರೈವ್‌ನಿಂದ ಓಡುವಾಗ ಹಾಗೆಯೇ. ವೇಗ ನೋಡಲು ಇದು ಸಮಯವಲ್ಲ. ನೋಡಬೇಕಾದ್ದು ಯಂತ್ರದ ಪ್ರತಿ ಅಂಗ ಕೆಲಸ ಮಾಡುತ್ತದಾ ಎಂದು.

ಮೊದಲು ವೈಫೈ. ಮನೆಯದ್ದಕ್ಕೂ ಮೊಬೈಲ್ ಹಾಟ್‌ಸ್ಪಾಟಿಗೂ ಜೋಡಿಸಿ ನೋಡಿ. ವೈಫೈ ಕಾಣದಿದ್ದರೆ ಫೋನನ್ನು ಕೇಬಲ್‌ನಲ್ಲಿ ಜೋಡಿಸಿ ಯುಎಸ್‌ಬಿ ಟೆದರಿಂಗ್ (ಫೋನಿನ ನೆಟ್ ಹಂಚುವುದು) ಆನ್ ಮಾಡಿ, ಮಿಂಟ್‌ನ ಡ್ರೈವರ್ ಮ್ಯಾನೇಜರ್ ತೆರೆಯಿರಿ. ಡ್ರೈವರ್ ಎಂದರೆ ಯಂತ್ರದ ಒಂದು ಅಂಗವನ್ನು ಓಎಸ್‌ಗೆ ಪರಿಚಯಿಸುವ ಪ್ರೋಗ್ರಾಂ. ಬ್ರಾಡ್‌ಕಾಮ್ ಚಿಪ್ ಆದರೆ ಅಲ್ಲೇ ಡ್ರೈವರ್ ಸಿಗುವ ಸಾಧ್ಯತೆ ಜಾಸ್ತಿ.

ಆಮೇಲೆ ಸದ್ದು. ಒಂದು ಯಕ್ಷಗಾನದ ವಿಡಿಯೊ ಹಾಕಿ. ಚೆಂಡೆ ಸ್ಪೀಕರಿನಲ್ಲಿ ಸ್ಪಷ್ಟವಾಗಿ ಕೇಳಬೇಕು, ಇಯರ್‌ಫೋನ್ ಚುಚ್ಚಿದರೆ ಅದರಲ್ಲೂ ಕೇಳಬೇಕು. ಅಗ್ಗದ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಇಎಸ್8336 ಎಂಬ ಸೌಂಡ್ ಚಿಪ್ ಇರುತ್ತದೆ, ಲಿನಕ್ಸ್‌ನಲ್ಲಿ ಅದರದ್ದು ಹಳೆಯ ತಕರಾರು. ಇಲ್ಲಿ ಸದ್ದು ಬರದಿದ್ದರೆ ಇನ್‌ಸ್ಟಾಲ್ ಮಾಡಿದ ಮೇಲೂ ತಾನಾಗಿ ಬರುವುದಿಲ್ಲ. ಅತ್ತಿಗೆಯ ಲ್ಯಾಪ್‌ಟಾಪಿನಲ್ಲಿ ಆದದ್ದೂ ಇಷ್ಟೇ. ಐದು ನಿಮಿಷ ಮೊದಲೇ ನೋಡಿದ್ದರೆ ಗೊತ್ತಾಗುತ್ತಿತ್ತು.

ಕ್ಯಾಮೆರಾ, ಮೈಕ್ ನೋಡಲು ಮನೆಯವರಿಗೇ ಒಂದು ವಿಡಿಯೊ ಕಾಲ್ ಮಾಡಿ. ಟಚ್‌ಪ್ಯಾಡಿನಲ್ಲಿ ಎರಡು ಬೆರಳಿನಿಂದ ಪುಟ ಸರಿಸಿ. ಬೆಳಕು ಕಡಿಮೆ ಜಾಸ್ತಿ ಮಾಡುವ ಕೀ ಒತ್ತಿ. ಪರದೆ ಅಡ್ಡ ತಿರುಗಿ ಕೂತಿದೆಯಾ ನೋಡಿ, ಟ್ಯಾಬ್ಲೆಟ್ ಪರದೆ ಹಾಕಿ ಮಾಡಿದ ಯಂತ್ರಗಳಲ್ಲಿ ಹಾಗಾಗುತ್ತದೆ.

ಈಗ ಮುಚ್ಚಳ ಮುಚ್ಚಿ. ಎದ್ದು ಹೋಗಿ ಚಹಾ ಕುಡಿದು ಬನ್ನಿ. ತೆರೆಯಿರಿ. ಪರದೆ ಬೆಳಗಬೇಕು, ವೈಫೈ ತಾನಾಗಿ ಜೋಡಿಕೊಳ್ಳಬೇಕು. ಹೀಗೆ ಮೂರು ಸಲ ಮಾಡಿ, ಒಂದೇ ಸಲಕ್ಕೆ ನಂಬಬೇಡಿ.

'ಡಿಸ್ಕ್ಸ್' ಎಂಬ ಪ್ರೋಗ್ರಾಂ ತೆರೆದು ಒಳಗಿನ ಸ್ಟೋರೇಜ್ ಕಾಣುತ್ತದಾ ನೋಡಿ. ಕಾಣದಿದ್ದರೆ ಇನ್‌ಸ್ಟಾಲ್ ಮಾಡಲು ಜಾಗವೇ ಇಲ್ಲ ಎಂದು ಅರ್ಥ. ಅಲ್ಲಿಗೇ ನಿಲ್ಲಿಸಿ, ತಿಳಿದವರನ್ನು ಕೇಳಿ.

ಪ್ರಿಂಟರ್ ಇದ್ದರೆ ಅದನ್ನೂ ಚುಚ್ಚಿ ಒಂದು ಪುಟ ತೆಗೆಯಿರಿ. ಎಚ್‌ಪಿಯ ಹೆಚ್ಚಿನವು ಸೀದಾ ಕೆಲಸ ಮಾಡುತ್ತವೆ. ಜೆರಾಕ್ಸ್ ಅಂಗಡಿಗಳಲ್ಲೆಲ್ಲ ಕಾಣುವ ಕ್ಯಾನನ್ ಎಲ್‌ಬಿಪಿ 2900 ಅಷ್ಟು ಸುಲಭವಾಗಿ ಒಗ್ಗುವುದಿಲ್ಲ.

ಕೊನೆಗೆ ಮೊದಲ ಹೆಜ್ಜೆಯ ಕಾಗದ ತೆಗೆಯಿರಿ. ಲ್ಯಾಪ್‌ಟಾಪ್ ಯಾರದ್ದೋ ಅವರನ್ನೇ ಕೂರಿಸಿ ಪಟ್ಟಿಯ ಒಂದೊಂದೇ ಕೆಲಸ ಮಾಡಿಸಿ. ನೀವು ಮಾಡಿ ತೋರಿಸಬೇಡಿ. ಅಮ್ಮನ ಲ್ಯಾಪ್‌ಟಾಪ್ ಆದರೆ ಮೌಸ್ ಅಮ್ಮನ ಕೈಯಲ್ಲೇ ಇರಲಿ. ಅವರು ಎಲ್ಲಿ ತಡವರಿಸುತ್ತಾರೆ ಎಂದು ಅಲ್ಲೇ ಗೊತ್ತಾಗುತ್ತದೆ. ನೆನಪಿರಲಿ, ಈ ಹಂತದಲ್ಲಿ ಟೈಪ್ ಮಾಡಿದ್ದೆಲ್ಲ ರೀಸ್ಟಾರ್ಟ್ ಆದರೆ ಹೋಗುತ್ತದೆ.

ಕನ್ನಡ ಟೈಪಿಂಗ್ ಕೂಡ ಇಲ್ಲೇ ನೋಡಿಬಿಡಿ. ಸೆಟ್ಟಿಂಗ್ಸ್‌ನಲ್ಲಿ ಕೀಬೋರ್ಡ್, ಅದರಲ್ಲಿ ಲೇಔಟ್. 'ಯೂಸ್ ಸಿಸ್ಟಮ್ ಡಿಫಾಲ್ಟ್ಸ್' ಗುರುತು ತೆಗೆದು, ಭಾರತದ ಭಾಷೆಗಳ ಕೆಳಗೆ 'ಕನ್ನಡ, ಕಗಪ, ಫೊನೆಟಿಕ್' ಸೇರಿಸಿ. 'ನುಡಿ' ಎಂಬ ಕನ್ನಡ ಟೈಪಿಂಗ್ ಪ್ರೋಗ್ರಾಂನಲ್ಲಿ ಟೈಪ್ ಮಾಡಿದ ಕೈಗಳಿಗೆ ಇದು ಗುರುತಿನ ವಿನ್ಯಾಸ. ಇದರ ಬೇರು ನಮ್ಮೂರಿನದ್ದೇ: ಈ ಕೀಲಿಮಣೆ ರೂಪಿಸಿದ ಕೆ.ಪಿ. ರಾವ್ ಮಂಗಳೂರಿನ ಹತ್ತಿರದ ಕಿನ್ನಿಕಂಬಳದವರು. ಪ್ರತಿ ಸಲ ಇದನ್ನು ಆರಿಸುವಾಗ ನನಗೆ ಖುಷಿಯಾಗುತ್ತದೆ. ಶಿಕ್ಷಕರಿಗೆ ಒಂದು ಎಚ್ಚರಿಕೆ: ಹಳೆಯ ನುಡಿ ಫಾಂಟಿನ ಪ್ರಶ್ನೆಪತ್ರಿಕೆಗಳು ಇಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ. ವಿಂಡೋಸ್ ಇರುವಾಗಲೇ ಅವನ್ನು ಯೂನಿಕೋಡ್‌ಗೆ (ಎಲ್ಲ ಕಂಪ್ಯೂಟರ್‌ಗೂ ಅರ್ಥವಾಗುವ ಅಕ್ಷರ ಪದ್ಧತಿ) ಬದಲಾಯಿಸಿಕೊಳ್ಳಿ.

ಎಲ್ಲ ಸರಿಯಾದರೆ ಮುಂದೆ ಹೋಗಿ. ಎರಡು ಮೂರು ಕಡೆ ಕೈಕೊಟ್ಟರೆ ಲುಬುಂಟು ಅಥವಾ ಫ್ಲೆಕ್ಸ್ ಅನ್ನು ಇದೇ ರೀತಿ ಓಡಿಸಿ ನೋಡಿ. ಫ್ಲೆಕ್ಸ್ ಕೂಡ ಪೆನ್‌ಡ್ರೈವ್‌ನಿಂದ ಓಡುತ್ತದೆ. ಯಾವುದೂ ಹೊಂದದಿದ್ದರೆ ಇದ್ದ ವಿಂಡೋಸ್‌ನಲ್ಲೇ ಬೇಡದ ಪ್ರೋಗ್ರಾಂ ತೆಗೆದು ಮುಂದುವರಿಯಿರಿ. ನಿಮ್ಮ ಒಂದು ಭಾನುವಾರ ಹೋಯಿತು, ಫೋಟೊ ಹೋಗಲಿಲ್ಲ.

ಹೆಜ್ಜೆ 7: ಇನ್‌ಸ್ಟಾಲ್

ಚಾರ್ಜರ್ ಚುಚ್ಚಿ, ಪರದೆಯ ಮೇಲಿನ 'ಇನ್‌ಸ್ಟಾಲ್' ಒತ್ತಿ, ಕೇಳಿದ್ದಕ್ಕೆ ಉತ್ತರಿಸಿ. 'ಇರೇಸ್ ಡಿಸ್ಕ್' ಎಂದರೆ ಪೂರ್ತಿ ಅಳಿಸುವುದು. 32 ಜಿಬಿಯಲ್ಲಿ ವಿಂಡೋಸ್ ಜೊತೆಗೆ ಇದನ್ನೂ ಇಡಲು ಹೋಗಬೇಡಿ, ಎರಡಕ್ಕೂ ಉಸಿರು ಕಟ್ಟುತ್ತದೆ. ಹತ್ತು ಇಂಚಿನ ಪರದೆಯಲ್ಲಿ 'ಮುಂದೆ' ಬಟನ್ ಕೆಳಗೆ ಮರೆಯಾಗಿದ್ದರೆ ಆಲ್ಟ್ ಕೀ ಹಿಡಿದು ಕಿಟಕಿಯನ್ನು ಮೌಸ್‌ನಿಂದ ಮೇಲಕ್ಕೆ ಎಳೆಯಿರಿ.

ಮುಗಿದ ಮೇಲೆ ಅಪ್‌ಡೇಟ್ ಮ್ಯಾನೇಜರ್ ಒಂದು ಸಲ ಓಡಿಸಿ. 'ವೇಗ ಹೆಚ್ಚಿಸುವ' ಪ್ರೋಗ್ರಾಂ ಯಾವುದೂ ಬೇಡ. ಆ ಪೆನ್‌ಡ್ರೈವನ್ನು ಅಳಿಸಿ ಸಿನಿಮಾ ತುಂಬಿಸಬೇಡಿ. ಮೇಲೆ 'ಮಿಂಟ್' ಎಂದು ಚೀಟಿ ಅಂಟಿಸಿ, ಲ್ಯಾಪ್‌ಟಾಪ್ ಬ್ಯಾಗಿನಲ್ಲೇ ಇಡಿ. ಮಳೆಗಾಲದಲ್ಲಿ ಜೊತೆಗೆ ಎರಡು ಸಿಲಿಕಾ ಪೊಟ್ಟಣವೂ ಇರಲಿ.