ಅಯಸ್ಕಾಂತಕ್ಕೆ ಅಂಟದ ಅಲ್ಯೂಮಿನಿಯಂ ಪಟ್ಟಿಯನ್ನು ಕುಣಿಸುವುದು ಹೇಗೆ?

ಕಾರವಾರದ ಕೋಡಿಬಾಗದಲ್ಲಿ ನನ್ನದು ಮೋಟಾರ್ ವೈಂಡಿಂಗ್ ಅಂಗಡಿ. ಹೈಸ್ಕೂಲು ಹುಡುಗರು ಬಂದರೆ ಎಡಗೈಯ ಮೂರು ಬೆರಳು ಚಾಚಿ ಫ್ಲೆಮಿಂಗ್ ನಿಯಮವನ್ನು ಗಡಗಡ ಒಪ್ಪಿಸುತ್ತಾರೆ. ಆದರೆ ಕರೆಂಟು ಹರಿಯುವ ತಂತಿ ಯಾವ ಕಡೆ ಸರಿಯುತ್ತದೆ ಅಂತ ಕೇಳಿದರೆ ಅಯಸ್ಕಾಂತದ ಕಡೆಗೇ ಕೈ ತೋರಿಸುತ್ತಾರೆ! ಅದಕ್ಕೇ ಈ ಪ್ರಯೋಗ.

ಹಾಳಾದ ಸ್ಪೀಕರಿನ ಉಂಗುರದ ಅಯಸ್ಕಾಂತ, ಚಪಾತಿ ಸುತ್ತುವ ಫಾಯಿಲ್, ಟಾರ್ಚಿನ ದಪ್ಪ ಸೆಲ್ ಒಂದು, ಎರಡು ತುಂಡು ವೈರು, ಟೇಪು. ಇಷ್ಟು ಸಾಕು. ಅಯಸ್ಕಾಂತದ ಮೇಲೆ ಕೆಳಗೆ ಇರುವ ಕಬ್ಬಿಣದ ತಟ್ಟೆ ತೆಗೆದಿರಬೇಕು. ಮೊಬೈಲ್ ಬ್ಯಾಟರಿ, ಬೈಕಿನ ಬ್ಯಾಟರಿ, ಮನೆಯ ಪ್ಲಗ್ ಇವುಗಳ ಸುದ್ದಿಗೇ ಹೋಗಬೇಡಿ.

ಫಾಯಿಲಿನಿಂದ ಅರ್ಧ ಸೆಂಟಿಮೀಟರ್ ಅಗಲದ, ಗೇಣುದ್ದದ ಪಟ್ಟಿ ಕತ್ತರಿಸಿ. ಮೊದಲು ಅದನ್ನು ಸುಮ್ನೆ ಅಯಸ್ಕಾಂತಕ್ಕೆ ತಾಗಿಸಿ ನೋಡಿ. ಅಂಟುವುದಿಲ್ಲ, ಅಲ್ವಾ? ಈಗ ಅಯಸ್ಕಾಂತವನ್ನು ಮೇಜಿನ ಮೇಲೆ ಮಲಗಿಸಿ, ಪಟ್ಟಿಯನ್ನು ಅದರ ಮೇಲೆ ಸಡಿಲವಾಗಿ ಕಮಾನಿನಂತೆ ಹಾಯಿಸಿ. ಎರಡು ತುದಿಗೂ ವೈರಿನ ಬರಿಗೊನೆ ಒತ್ತಿ ಟೇಪು ಹಾಕಿ. ಪಟ್ಟಿ ಉಂಗುರದ ಮೈಮೇಲೆ ಹಾಯಬೇಕು, ತೂತಿನ ಮೇಲಲ್ಲ. ತೂತಿನ ಹತ್ತಿರ ಕಾಂತಕ್ಷೇತ್ರದ ದಿಕ್ಕೇ ತಿರುಗಿರುತ್ತದೆ, ಆಟ ಕೆಡುತ್ತದೆ.

ಕಿಟಕಿ ಮುಚ್ಚಿ, ಫ್ಯಾನ್ ನಿಲ್ಲಿಸಿ. ಮಧ್ಯಾಹ್ನದ ಕಡಲಗಾಳಿಗೆ ಪಟ್ಟಿ ತಾನಾಗಿಯೇ ಕುಣಿದರೆ ಅದರಲ್ಲಿ ವಿಜ್ಞಾನ ಏನೂ ಇಲ್ಲ. ವೈರುಗಳನ್ನು ಸೆಲ್ಲಿಗೆ ಒಂದೇ ಕ್ಷಣ ತಾಗಿಸಿ ತೆಗೆಯಿರಿ. ಇದು ನೇರ ಶಾರ್ಟು, ಜಾಸ್ತಿ ಹೊತ್ತು ಹಿಡಿದರೆ ಸೆಲ್ಲೂ ವೈರೂ ಬಿಸಿಯಾಗುತ್ತವೆ. ತಾಗಿಸಿದ ಕೂಡಲೇ ಪಟ್ಟಿ ಸರಕ್ಕನೆ ಪಕ್ಕಕ್ಕೆ ಜಿಗಿಯುತ್ತದೆ. ಗಮನಿಸಿ, ಅಯಸ್ಕಾಂತದ ಕಡೆಗೂ ಅಲ್ಲ, ಕರೆಂಟು ಹರಿಯುವ ಕಡೆಗೂ ಅಲ್ಲ. ಕ್ಷೇತ್ರ ನೆಟ್ಟಗೆ, ಕರೆಂಟು ಅಡ್ಡಕ್ಕೆ, ಬಲ ಇವೆರಡಕ್ಕೂ ಲಂಬವಾಗಿ. ಎಡಗೈಯ ತೋರುಬೆರಳು, ನಡುಬೆರಳು, ಹೆಬ್ಬೆರಳು ಹೇಳುವುದು ಇದನ್ನೇ.

ಅಲುಗದಿದ್ದರೆ ಉಪ್ಪುಗಾಳಿಗೆ ಹಸಿರುಗಟ್ಟಿದ ವೈರಿನ ತುದಿಯನ್ನು ಪಾಲಿಶ್ ಪೇಪರಿನಿಂದ ಉಜ್ಜಿ. ನಮ್ಮ ಕಡೆ ಹತ್ತರಲ್ಲಿ ಒಂಬತ್ತು ಸಲ ಅದೇ ಕಾರಣ.

ಸೆಲ್ ತಿರುಗಿಸಿದರೆ ಪಟ್ಟಿ ಎದುರು ಪಕ್ಕಕ್ಕೆ ಹಾರುತ್ತದೆ. ಅಯಸ್ಕಾಂತ ಮಗುಚಿದರೂ ಹಾಗೇ. ಎರಡನ್ನೂ ಒಟ್ಟಿಗೆ ತಿರುಗಿಸಿದರೆ? ಮಾಡಿಯೇ ನೋಡಿ.

1820ರಲ್ಲಿ ಡೆನ್ಮಾರ್ಕಿನ ವಿಜ್ಞಾನಿ ಅರ್ಸ್ಟೆಡ್ ಕಂಡದ್ದು ಕರೆಂಟಿನ ತಂತಿ ದಿಕ್ಸೂಚಿಯ ಮುಳ್ಳನ್ನು ತಿರುಗಿಸುವುದನ್ನು. ಮರುವರ್ಷವೇ ಫ್ಯಾರಡೆ ಅಯಸ್ಕಾಂತದ ಸುತ್ತ ತಂತಿಯನ್ನೇ ತಿರುಗಿಸಿದ.

ಶಿರಸಿ ಕಡೆಯ ಅಡಿಕೆ ತೋಟದ ತ್ರೀ ಫೇಸ್ ಪಂಪಿನೊಳಗೂ ಇದೇ ಕೆಲಸ. ರೋಟರಿನಲ್ಲಿ, ಅಂದರೆ ಒಳಗೆ ತಿರುಗುವ ಭಾಗದಲ್ಲಿ, ಅಲ್ಯೂಮಿನಿಯಂ ಇಲ್ಲವೇ ತಾಮ್ರದ ಸರಳುಗಳಿರುತ್ತವೆ, ಅಯಸ್ಕಾಂತ ಇರುವುದಿಲ್ಲ. ಹೊರಗಿನ ಕಾಯಿಲುಗಳ ತಿರುಗುವ ಕ್ಷೇತ್ರ ಆ ಸರಳುಗಳಲ್ಲಿ ಕರೆಂಟು ಹುಟ್ಟಿಸುತ್ತದೆ, ಆ ಕರೆಂಟನ್ನೇ ಹಿಡಿದು ದೂಡುತ್ತದೆ. ಎರಡು ಫೇಸ್ ಅದಲುಬದಲಾದರೆ ಕ್ಷೇತ್ರ ಉಲ್ಟಾ ತಿರುಗುತ್ತದೆ, ಮೋಟಾರೂ ಉಲ್ಟಾ. ಆಗಲೂ ಪಂಪು ಒಂದಿಷ್ಟು ನೀರೆತ್ತುತ್ತದೆ, ಆದರೆ ಜೋರಿರುವುದಿಲ್ಲ. ಲೈನ್ ರಿಪೇರಿ ಆದ ಮೇಲೆ ನೀರು ಕಡಿಮೆಯಾಯಿತೆಂದರೆ ಪಂಪು ಮೇಲೆತ್ತಿಸಬೇಡಿ, ಮೊದಲು ಎಲೆಕ್ಟ್ರಿಶಿಯನ್‌ ಹತ್ತಿರ ಫೇಸ್ ನೋಡಿಸಿ.